ಹಳೆಯ ವಿಡಿಯೊ ಗೇಮನ್ನು ಅಭಿಮಾನಿಗಳು ಮರುಸೃಷ್ಟಿಸಿ ಉಚಿತವಾಗಿ ಹಂಚಿದರೆ ಅದು ಕಾನೂನುಬಾಹಿರವೇ?

ಅನುಮತಿ ಇಲ್ಲದಿದ್ದರೆ ಬಹುಮಟ್ಟಿಗೆ ಹೌದು. ಹಣ ಪಡೆದಿಲ್ಲ ಎಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಪಾತ್ರ, ಚಿತ್ರ, ಸಂಗೀತಗಳಿಗೆ ಕೃತಿಸ್ವಾಮ್ಯವಿದೆ, ಹೆಸರಿಗೆ ಟ್ರೇಡ್‌ಮಾರ್ಕ್ ಇದೆ.

1991ರಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ ‘ಮೆಟ್ರಾಯ್ಡ್ 2’ ಕಪ್ಪುಬಿಳುಪಿನ ಆಟ. ದಾರಿ ತೋರಿಸುವ ನಕ್ಷೆಯೂ ಅದರಲ್ಲಿರಲಿಲ್ಲ. ಅಭಿಮಾನಿಯೊಬ್ಬರು ವರ್ಷಗಟ್ಟಲೆ ದುಡಿದು, ಬಣ್ಣ ಮತ್ತು ನಕ್ಷೆ ಎರಡನ್ನೂ ಸೇರಿಸಿ ಆಟವನ್ನು ಮರುಸೃಷ್ಟಿಸಿ, 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ನಿಂಟೆಂಡೊ ಕೂಡಲೇ ನೋಟಿಸ್ ಕೊಟ್ಟು ತೆಗೆಸಿತು. ಮರುವರ್ಷ ಕಂಪನಿಯ ಸ್ವಂತ ಮರುರೂಪವೇ ಮಾರುಕಟ್ಟೆಗೆ ಬಂತು. ಕಾನೂನು ಕಂಪನಿಯ ಪರವಾಗಿತ್ತು, ನಿಜ. ಆದರೆ ಇಷ್ಟು ಅಕ್ಕರೆಯ ಕೆಲಸವನ್ನು ಕಳ್ಳತನವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೇರೆ ದಾರಿಯೂ ಇತ್ತು. ‘ಹಾಫ್-ಲೈಫ್’ ಎಂಬ ಆಟದ ಅಭಿಮಾನಿಗಳು ಕಟ್ಟಿದ ಅದರ ಮರುರೂಪ ‘ಬ್ಲ್ಯಾಕ್ ಮೆಸಾ’ವನ್ನು ಹಣಕ್ಕೇ ಮಾರಲು ಮೂಲ ಆಟದ ಕಂಪನಿ ವಾಲ್ವ್ ಒಪ್ಪಿತು, 2020ರಲ್ಲಿ ಅದರ ಪೂರ್ಣ ಆವೃತ್ತಿ ಬಂತು.