ಒಂಬತ್ತು ವೋಲ್ಟ್‌ನಲ್ಲಿ ಸ್ವಲ್ಪ ಎಲ್ಲಿ ಹೋಯ್ತು?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಎರಡನೇ ವರ್ಷದ ವಿದ್ಯಾರ್ಥಿನಿ. ಎರಡು 1 ಮೆಗಾಓಮ್ ರೆಸಿಸ್ಟರ್‌ಗಳನ್ನು ಸೀರೀಸ್‌ನಲ್ಲಿ ಹಾಕಿ ಬ್ಯಾಟರಿ ಕೊಟ್ಟೆ. ಬ್ಯಾಟರಿ ಅಳೆದರೆ ಸರಿಯಾಗಿ 9.00 ವೋಲ್ಟ್ ಇದೆ. ಆದರೆ ಒಂದೊಂದು ರೆಸಿಸ್ಟರ್ ಮೇಲೂ ಮಲ್ಟಿಮೀಟರ್ 4.29 ಮಾತ್ರ ತೋರಿಸುತ್ತದೆ. ಕೂಡಿದರೆ 8.58! ಕೆವಿಎಲ್ (ಕಿರ್ಚಾಫ್‌ನ ವೋಲ್ಟೇಜ್ ನಿಯಮ, ಒಂದೊಂದು ರೆಸಿಸ್ಟರ್ ಮೇಲಿನ ವೋಲ್ಟೇಜ್ ಕೂಡಿದರೆ ಬ್ಯಾಟರಿಯದಕ್ಕೆ ಸಮ ಆಗಬೇಕು ಅನ್ನುವುದು) ಪ್ರಕಾರ 9 ಬರಬೇಕಲ್ವಾ? ಸ್ನೇಹಿತರು ಟಾಲರೆನ್ಸ್ (ರೆಸಿಸ್ಟರ್ ಮೇಲೆ ಬರೆದ ಬೆಲೆಗೂ ನಿಜವಾದ ಬೆಲೆಗೂ ಇರಬಹುದಾದ ವ್ಯತ್ಯಾಸ) ಅಂತಾರೆ. ಇನ್ನೊಂದು, ಈ ಥೆವೆನಿನ್ ಪ್ರಮೇಯ ಪರೀಕ್ಷೆ ಬಿಟ್ಟು ಬೇರೆಲ್ಲಾದರೂ ಉಪಯೋಗಕ್ಕೆ ಬರುತ್ತದಾ ಸರ್?

ಉತ್ತರ: ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ.

ಮೊದಲು ಟಾಲರೆನ್ಸ್ ವಿಷಯ ಮುಗಿಸೋಣ. ಒಂದು ರೆಸಿಸ್ಟರ್ 5% ಕಡಿಮೆ ಇದ್ದರೆ ಅದರ ಮೇಲಿನ ವೋಲ್ಟೇಜ್ ಕಡಿಮೆಯಾಗುತ್ತದೆ, ನಿಜ. ಆದರೆ ಅಷ್ಟೇ ವೋಲ್ಟೇಜ್ ಇನ್ನೊಂದರ ಮೇಲೆ ಜಾಸ್ತಿ ಆಗಲೇಬೇಕು, ಮೊತ್ತ 9 ಆಗಿಯೇ ಉಳಿಯುತ್ತದೆ. ನಿಮ್ಮ ಎರಡೂ ರೀಡಿಂಗ್ ಕಡಿಮೆ ಬಂದಿವೆ. ಹಾಗಾಗಿ ಕಾರಣ ಅದಲ್ಲ.

ಕಾರಣ ನಿಮ್ಮ ಕೈಲಿರುವ ಮೀಟರ್. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್‌ಗೂ ಒಳಗೆ ರೆಸಿಸ್ಟೆನ್ಸ್ ಇದೆ, ಹೆಚ್ಚಾಗಿ 10 ಮೆಗಾಓಮ್. ಪ್ರೋಬ್ ಮುಟ್ಟಿಸಿದ ಕೂಡಲೇ ಅದು ರೆಸಿಸ್ಟರ್‌ಗೆ ಪ್ಯಾರಲಲ್ ಆಗಿ ಕೂರುತ್ತದೆ, 1 ಮೆಗಾಓಮ್ ಇದ್ದದ್ದು ಸುಮಾರು 0.91 ಆಗುತ್ತದೆ. ಅಂದರೆ ನೀವು ಅಳೆದಿದ್ದು ಎರಡು ಬೇರೆ ಬೇರೆ ಸರ್ಕ್ಯೂಟ್‌ಗಳನ್ನು, ಒಮ್ಮೆ ಮೀಟರ್ ಮೇಲಿನ ರೆಸಿಸ್ಟರ್ ಜೊತೆ, ಇನ್ನೊಮ್ಮೆ ಕೆಳಗಿನದರ ಜೊತೆ. ಎರಡರ ರೀಡಿಂಗ್ ತಂದು ಕೂಡಿದರೆ 9 ಯಾಕೆ ಬರಬೇಕು? ಕೆವಿಎಲ್ ಪಾಪ ಏನೂ ತಪ್ಪು ಮಾಡಿಲ್ಲ.

ಈಗ ಥೆವೆನಿನ್ ಪ್ರಮೇಯ: ಸೋರ್ಸ್, ರೆಸಿಸ್ಟರ್‌ಗಳು ಎಷ್ಟೇ ಇರಲಿ, ಎರಡು ತುದಿಗಳಿಂದ ನೋಡಿದರೆ ಸರ್ಕ್ಯೂಟ್ ಪೂರ್ತಿ ಒಂದು ವೋಲ್ಟೇಜ್ ಸೋರ್ಸ್, ಅದಕ್ಕೆ ಸೀರೀಸ್‌ನಲ್ಲಿ ಒಂದು ರೆಸಿಸ್ಟರ್ ಇದ್ದಂತೆ. ಥೆವೆನಿನ್ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್, ಪ್ರಮೇಯ ಪ್ರಕಟಿಸಿದ್ದು 1883ರಲ್ಲಿ. (ಇದೇ ಮಾತನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಹೇಳಿದ್ದ, ಹೆಸರು ಮಾತ್ರ ಇವನಿಗೆ ಬಂತು.) ಮೀಟರ್ ಇಡುವ ಎರಡು ತುದಿಗಳಿಂದ ನೋಡಿದರೆ ನಿಮ್ಮ ಸರ್ಕ್ಯೂಟ್ ಪೂರ್ತಿ 4.5 ವೋಲ್ಟ್ ಸೋರ್ಸ್, ಅದಕ್ಕೆ ಸೀರೀಸ್‌ನಲ್ಲಿ 500 ಕಿಲೋಓಮ್, ಅಷ್ಟೇ. ಬ್ಯಾಟರಿಯನ್ನು ಶಾರ್ಟ್ ಅಂದುಕೊಂಡರೆ ಎರಡು ರೆಸಿಸ್ಟರ್ ಪ್ಯಾರಲಲ್ ಆಗುತ್ತವಲ್ಲ, ಹಾಗೆ ಬಂದ 500. ಇದಕ್ಕೆ 10 ಮೆಗಾಓಮ್ ಜೋಡಿಸಿ: 4.5 × 10 ÷ 10.5 = 4.29. ನಿಮ್ಮ ರೀಡಿಂಗ್ ಬಂತು!

ಇದರ ಮಜಾ ಇರುವುದು ಮುಂದೆ. ಪ್ರತಿ ಸಲ ಸರ್ಕ್ಯೂಟ್ ಮತ್ತೆ ಬಿಡಿಸಬೇಕಿಲ್ಲ, ಮೀಟರ್ ಬದಲಾಯಿಸಿದರೆ ಒಂದು ಸಂಖ್ಯೆ ಬದಲಾಯಿಸಿದರೆ ಸಾಕು. ಆಸಿಲೋಸ್ಕೋಪ್‌ನ (ವೋಲ್ಟೇಜನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಮೆಗಾಓಮ್, ನೇರವಾಗಿ ಜೋಡಿಸಿದರೆ 3.0 ವೋಲ್ಟ್ ಬರುತ್ತದೆ. ಲ್ಯಾಬ್ ಮೂಲೆಯಲ್ಲಿ ಹಳೆಯ ಮುಳ್ಳಿನ ಮೀಟರ್ ಇದ್ದರೆ, ಅದರ ಮೇಲೆ 20 ಕಿಲೋಓಮ್ ಪರ್ ವೋಲ್ಟ್ ಅಂತ ಬರೆದಿದ್ದರೆ, 10 ವೋಲ್ಟ್ ರೇಂಜ್‌ನಲ್ಲಿ ಅದು 200 ಕಿಲೋಓಮ್. ತೋರಿಸುವುದು ಸುಮಾರು 1.3 ವೋಲ್ಟ್! ಸರ್ಕ್ಯೂಟ್ ಅದೇ, ಬ್ಯಾಟರಿ ಅದೇ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ 1 ಕಿಲೋಓಮ್ ರೆಸಿಸ್ಟರ್ ಕೊಡುವುದರಿಂದ ಇದೆಲ್ಲ ಕಾಣುವುದೇ ಇಲ್ಲ, ಅಲ್ಲಿ 4.50 ಅಂತಲೇ ಬರುತ್ತದೆ.

ಎಸಿ ಸಿಗ್ನಲ್ ಕೊಟ್ಟರೆ ಇನ್ನೊಂದು ತಲೆನೋವು ಇದೆ. ಸ್ಕೋಪ್ ಮತ್ತು ಅದರ ಕೇಬಲ್ ಸೇರಿ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಅಂದುಕೊಳ್ಳಿ. ನಿಮ್ಮ 500 ಕಿಲೋಓಮ್, ಸ್ಕೋಪ್‌ನ 1 ಮೆಗಾಓಮ್ ಎರಡೂ ಪ್ಯಾರಲಲ್ ಆಗಿ 333 ಕಿಲೋಓಮ್. ಸುಮ್ನೆ ವೋಲ್ಟೇಜ್ ಹಂಚುತ್ತಾ ಕೂತಿದ್ದ ಡಿವೈಡರ್ (ನಿಮ್ಮ ಎರಡು ರೆಸಿಸ್ಟರ್) ಈಗ ಲೋ ಪಾಸ್ ಫಿಲ್ಟರ್, ಅಂದರೆ ಕಡಿಮೆ ಫ್ರೀಕ್ವೆನ್ಸಿ ಮಾತ್ರ ಸರಿಯಾಗಿ ಬಿಡುವ ಸರ್ಕ್ಯೂಟ್; ಸಿಗ್ನಲ್ ಗಣನೀಯವಾಗಿ ಕುಗ್ಗಲು ಶುರುವಾಗುವ ಫ್ರೀಕ್ವೆನ್ಸಿ, ಅಂದರೆ ಕಟಾಫ್, ಸುಮಾರು 4.8 ಕಿಲೋಹರ್ಟ್ಸ್. ಫಂಕ್ಷನ್ ಜನರೇಟರ್ (ಬೇಕಾದ ಫ್ರೀಕ್ವೆನ್ಸಿಯ ಎಸಿ ಸಿಗ್ನಲ್ ಕೊಡುವ ಉಪಕರಣ) ಸಿಕ್ಕ ದಿನ ಇದನ್ನೇ ಮಾಡಿ ನೋಡಿ, ಆಮೇಲೆ ಸ್ಕೋಪ್ ಪ್ರೋಬ್ ಮೇಲಿನ ಸ್ವಿಚ್ಚನ್ನು 10ಎಕ್ಸ್‌ಗೆ (ಸಿಗ್ನಲನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ಸ್ಥಾನ) ತಳ್ಳಿ ಏನಾಗುತ್ತದೆ ಅಂತಲೂ ನೋಡಿ.