ಕರೆಂಟ್ ಇಲ್ಲದ ಕಾಲದಲ್ಲಿ ಧಾರವಾಡದ ಸ್ಟುಡಿಯೋಗಳು ಫೋಟೋ ಹೇಗೆ ತೆಗೆಯುತ್ತಿದ್ದವು?

ದಪ್ಪ ರಟ್ಟಿಗೆ ಅಂಟಿಸಿದ ಮುತ್ತಜ್ಜ-ಮುತ್ತಜ್ಜಿಯ ಫೋಟೋ ನಿಮ್ಮ ಹತ್ತಿರ ಇದೆ, ಕೆಳಗೆ ಧಾರವಾಡದ ಸ್ಟುಡಿಯೋ ಹೆಸರಿದೆ. ಕರೆಂಟ್ ಇಲ್ಲದೆ ಹೇಗೆ ತೆಗೆದರು, ಯಾವ ಕಾಲದ್ದು, ಮುತ್ತಜ್ಜಿಯ ಕುಂಕುಮ ಕಪ್ಪಗೇಕೆ ಕಾಣುತ್ತದೆ ಎಂದು ಕೇಳಿದ್ದೀರಿ.

ಮೊದಲು ಕುಂಕುಮದ ವಿಷಯ. ಅಂದಿನ ಗಾಜಿನ ಪ್ಲೇಟು (ಫಿಲ್ಮಿನ ಬದಲು ಕ್ಯಾಮೆರಾದಲ್ಲಿ ಇಡುತ್ತಿದ್ದ, ಬೆಳಕು ಹಿಡಿಯುವ ರಾಸಾಯನಿಕ ಹಚ್ಚಿದ ಗಾಜು) ನೀಲಿ ಬೆಳಕನ್ನು ಚೆನ್ನಾಗಿ ಹಿಡಿಯುತ್ತಿತ್ತು, ಕೆಂಪನ್ನು ಹಿಡಿಯುತ್ತಲೇ ಇರಲಿಲ್ಲ. ಹಾಗಾಗಿ ಕುಂಕುಮ, ಇಳಕಲ್ ಸೀರೆಯ ಕೆಂಪು ಸೆರಗು, ಕೆಂಪು ರುಮಾಲು ಎಲ್ಲವೂ ಕಪ್ಪು. ತಿಳಿನೀಲಿ ಬಟ್ಟೆ ಬಿಳಿ. ಮುಖದ ಸಣ್ಣ ಕಲೆಯೂ ಇದ್ದದ್ದಕ್ಕಿಂತ ಹೆಚ್ಚು ಎದ್ದು ಕಾಣುತ್ತಿತ್ತು. ಅದಕ್ಕೇ ನೆಗೆಟಿವ್ (ಕಪ್ಪು-ಬಿಳಿ ಅದಲುಬದಲಾಗಿ ಚಿತ್ರ ಮೂಡಿದ ಪ್ಲೇಟು) ಮೇಲೆ ಚೂಪು ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆಯಾಗಿ ತುಂಬಿ ರೀಟಚ್ ಮಾಡುತ್ತಿದ್ದರು. ಭೂತಗನ್ನಡಿ ಹಿಡಿದು ಕಣ್ಣಿನ ಕೆಳಭಾಗ, ಕೆನ್ನೆ ನೋಡಿ, ಆ ಪೆನ್ಸಿಲ್ ಗುರುತು ಸಿಕ್ಕರೂ ಸಿಗಬಹುದು. ಕೆಂಪನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಲ್ಲಿ ಮಾರಾಟಕ್ಕೆ ಬಂತು, ಆದರೆ ಹಳೆಯ ಬಗೆಯ ಪ್ಲೇಟು ಆಮೇಲೂ ಬಹಳ ವರ್ಷ ನಡೆಯಿತು. ಕಪ್ಪು ಕುಂಕುಮ ನೋಡಿ ಕಾಲ ಕಟ್ಟಬೇಡಿ.

ಇನ್ನು ಬೆಳಕು. ಉತ್ತರದ ಗೋಡೆಗೋ ಮಾಡಿಗೋ ಗಾಜು ಹಾಕಿದ ಕೋಣೆಯೇ ಆ ಕಾಲದ ಸ್ಟುಡಿಯೋ. ಉತ್ತರದಿಂದ ನೇರ ಬಿಸಿಲು ಬೀಳುವುದಿಲ್ಲ, ದಿನವಿಡೀ ಮೆತ್ತಗಿನ ಬೆಳಕು ಸಿಗುತ್ತದೆ ಎಂಬುದು ಯುರೋಪಿನ ಲೆಕ್ಕ. ನಮ್ಮಲ್ಲಿ ಅದು ಪೂರ್ತಿ ಹೊಂದುವುದಿಲ್ಲ. ಹುಬ್ಬಳ್ಳಿ-ಧಾರವಾಡ ಸುಮಾರು 15.4 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಗಾಜಿನ ಕೆಳಗೆ ಬಿಳಿ ಅರಿವೆ ಕಟ್ಟದಿದ್ದರೆ ಮೂಗಿನ ನೆರಳು ತುಟಿ ಮೇಲೆ ಬೀಳುತ್ತದೆ. ಎಕ್ಸ್‌ಪೋಷರ್ (ಪ್ಲೇಟಿಗೆ ಬೆಳಕು ತಾಗಿಸುವ ಹೊತ್ತು) ಸೆಕೆಂಡುಗಟ್ಟಲೆ ಬೇಕಾದಾಗ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಸ್ಟ್ಯಾಂಡಿನ ಕವೆಗೋಲು ಆನಿಸುತ್ತಿದ್ದರು. ನಿಂತವರ ಪಾದದ ಹಿಂದೆ ಅದರ ಬುಡ ಇಣುಕುವುದುಂಟು.

ಈ ಭಾಗದಲ್ಲಿ ಕ್ಯಾಮೆರಾ ಬಂದದ್ದು ಇನ್ನೂ ಮೊದಲೇ. ಕಂಪನಿ ಸರ್ಕಾರದ ಕೆಲಸದಲ್ಲಿದ್ದ ಥಾಮಸ್ ಬಿಗ್ಸ್, ವಿಲಿಯಂ ಪಿಗೂ 1850ರ ದಶಕದಲ್ಲೇ ಇಲ್ಲಿನ ದೇವಸ್ಥಾನಗಳ ಚಿತ್ರ ತೆಗೆದರು. ಆದರೆ ಅದು ಸರ್ಕಾರಿ ಕೆಲಸ. ದುಡ್ಡು ಪಡೆದು ಮುಖ ತೆಗೆಯುವ ಅಂಗಡಿಯ ಕಷ್ಟಗಳೇ ಬೇರೆ. 1851ರ ಕೊಲೋಡಿಯನ್ ವಿಧಾನದಲ್ಲಿ ಗಾಜಿಗೆ ಕೊಲೋಡಿಯನ್ ಎಂಬ ಅಂಟು ರಸ ಎರೆದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒಣಗುವ ಮೊದಲೇ, ಅಂದರೆ ಸುಮಾರು ಹತ್ತು ನಿಮಿಷದೊಳಗೆ, ಫೋಟೋ ತೆಗೆದು ಡೆವಲಪ್ ಮಾಡಬೇಕು. ನಮ್ಮ ಏಪ್ರಿಲ್ ಗಾಳಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ. 1880ರ ಹೊತ್ತಿಗೆ ಡಬ್ಬಿಯಲ್ಲೇ ಸಿದ್ಧವಾಗಿ ಬರುವ ಜೆಲಟಿನ್ ಒಣ ಪ್ಲೇಟು ಬಂತು. ಅದೇ ದಶಕದಲ್ಲಿ ಹುಬ್ಬಳ್ಳಿಗೆ ರೈಲೂ ಬಂತು. ನನ್ನ ಪ್ರಕಾರ ಸಣ್ಣ ಊರುಗಳಲ್ಲಿ ಕಾಯಂ ಸ್ಟುಡಿಯೋ ನಿಲ್ಲಲು ಈ ಎರಡೂ ಬೇಕಿದ್ದವು. ಒಣ ಪ್ಲೇಟಿಗೂ ಅದರದೇ ಕಾಟ: ನೀರು 25 ಡಿಗ್ರಿ ದಾಟಿದರೆ ಜೆಲಟಿನ್ ಉಬ್ಬಿ, ಅಂಚಿನಲ್ಲಿ ಸುಕ್ಕುಗಟ್ಟಿ ಗಾಜಿನಿಂದ ಏಳುತ್ತದೆ. ಮದ್ದೆಂದರೆ ತಣ್ಣೀರು, ಪಟಿಕದ ನೀರಿನಲ್ಲಿ ಅದ್ದುವುದು, ಬೇಸಿಗೆಯಲ್ಲಿ ನಸುಕಿನಲ್ಲೇ ತೊಳೆಯುವ ಕೆಲಸ ಮುಗಿಸುವುದು.

ಪ್ರಿಂಟು ಹಾಕುವುದಕ್ಕೂ ಬಿಸಿಲೇ. ನೆಗೆಟಿವ್‌ಗೆ ಕಾಗದ ಒತ್ತಿ ಫ್ರೇಮಿನಲ್ಲಿ ಬಿಗಿದು ಹೊರಗಿಡುವುದು, ಬಣ್ಣ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾದಾಗ ತೆಗೆಯುವುದು. ಮುಂದೆ ಗೋಲ್ಡ್ ಕ್ಲೋರೈಡಿನಲ್ಲಿ ಟೋನಿಂಗ್ (ಬಣ್ಣ ತಿದ್ದುವುದು), ಹೈಪೋ (ಚಿತ್ರ ಮತ್ತೆ ಕಪ್ಪಾಗದಂತೆ ನಿಲ್ಲಿಸುವ ರಾಸಾಯನಿಕ), ಆಮೇಲೆ ಗಂಟೆಗಟ್ಟಲೆ ತೊಳೆಯುವುದು. ತೊಳೆಯುವುದರಲ್ಲಿ ನೀರು ಉಳಿಸಿದರೆ ಒಳಗೆ ಉಳಿದ ಹೈಪೋ ವರ್ಷಗಳ ಮೇಲೆ ಚಿತ್ರವನ್ನು ಹಳದಿಗಟ್ಟಿಸಿ ಅಳಿಸುತ್ತದೆ.

ಕಾಲ ತಿಳಿಯಲು ರಟ್ಟು ಅಳೆಯಿರಿ. ಸುಮಾರು 2½ × 4 ಇಂಚಾದರೆ ಕಾರ್ಟ್ ದ ವಿಸಿತ್ (1854ರ ಪೇಟೆಂಟ್), 4¼ × 6½ ಇಂಚಾದರೆ 1866ರಲ್ಲಿ ಬಂದ ಕ್ಯಾಬಿನೆಟ್ ಕಾರ್ಡ್. ಇವು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತವೆ. ಹೆಸರು ಅಚ್ಚಾದ ರಟ್ಟನ್ನು ಒಟ್ಟಿಗೆ ತರಿಸಿ ವರ್ಷಗಟ್ಟಲೆ ಬಳಸಬಹುದಿತ್ತು. ರಟ್ಟಿಗಿಂತ ನನಗೆ ಕಾಗದದ ಮೇಲೆ ನಂಬಿಕೆ ಹೆಚ್ಚು. ಭೂತಗನ್ನಡಿಯಲ್ಲಿ ಕಾಗದದ ನಾರು ಕಂಡು, ಬಿಳಿ ಭಾಗ ಹಳದಿಯಾಗಿ, ನವಿರು ಬಿರುಕುಗಳಿದ್ದರೆ ಅದು ಮೊಟ್ಟೆಯ ಬಿಳಿಭಾಗ ಹಚ್ಚಿದ ಆಲ್ಬುಮೆನ್, ಹೆಚ್ಚಾಗಿ 1900ಕ್ಕಿಂತ ಹಿಂದಿನದು. ನಾರು ಕಾಣದೆ, ಕಪ್ಪು ಶುದ್ಧ ಕಪ್ಪಾಗಿ, ಓರೆಯಾಗಿ ಹಿಡಿದಾಗ ಅಂಚು ಬೆಳ್ಳಿಯಂತೆ ಹೊಳೆದರೆ ನಂತರದ ಜೆಲಟಿನ್ ಪ್ರಿಂಟ್.

ಯಾವುದೇ ಆಗಲಿ, ರಟ್ಟಿನಿಂದ ಕೀಳಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೋಡದ ದಿನ ಕಿಟಕಿ ಬಳಿ ಇಟ್ಟು ಮುಂದೆ-ಹಿಂದೆ ಎರಡೂ ಬದಿ ಮೊಬೈಲಿನಲ್ಲಿ ತೆಗೆದು ಇಲ್ಲಿ ಹಾಕಿ, ಪಕ್ಕದಲ್ಲೊಂದು ಸ್ಕೇಲ್ ಇರಲಿ.