ಚೆಂಡನ್ನೇ ಮುಟ್ಟದ ಆಟಗಾರನಿಗೆ ಹಾಲ್ ಆಫ್ ಫೇಮ್ ಯಾಕೆ?

ಅಮೆರಿಕನ್ ಫುಟ್‌ಬಾಲ್ ಆಟಗಾರ ಜೋ ಥಾಮಸ್ ಚೆಂಡು ಮುಟ್ಟುತ್ತಿರಲಿಲ್ಲ, ಅವರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಬರೀ ಸೋಲುತ್ತಿತ್ತು, ಆದರೂ ಆಟದ ದಿಗ್ಗಜರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವ ಹೇಗೆ ಸಿಕ್ಕಿತು ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ.

ಅವರು ಆಡಿದ್ದು ಲೆಫ್ಟ್ ಟ್ಯಾಕಲ್ ಆಗಿ. ತಂಡದ ಪರ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿ ನಿಂತಾಗ ಎಡಬದಿ ಅವನ ಬೆನ್ನಿಗೆ ಬೀಳುತ್ತದೆ. ಅಲ್ಲಿಂದ ನುಗ್ಗುವವನು ಅವನಿಗೆ ಕಾಣುವುದೇ ಇಲ್ಲ. ಆ ನುಗ್ಗುವವನನ್ನು ತಡೆಯುವುದೇ ಥಾಮಸ್ ಕೆಲಸ. ಸರಿಯಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ. ಒಂದು ಸಲ ತಪ್ಪಿದರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ!

2007ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಮೂರನೆಯವರಾಗಿ ಆಯ್ಕೆಯಾದರು. ಅವತ್ತು ನ್ಯೂಯಾರ್ಕಿನ ಸಮಾರಂಭ ಬಿಟ್ಟು ಅಪ್ಪನ ಜೊತೆ ಮಿಶಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದರು. (ನನಗೆ ಈ ಮನುಷ್ಯ ಇಷ್ಟವಾಗಿದ್ದೇ ಅದಕ್ಕೆ.) ಅಲ್ಲಿಂದ ಮುಂದೆ ಸತತ 10,363 ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಶುರುಮಾಡುವ ಒಂದೊಂದು ಯತ್ನ). ಅಂದರೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ, ತಂಡದ ಕೈಯಲ್ಲಿ ಚೆಂಡಿದ್ದಾಗ ಒಂದೇ ಒಂದು ಸಲವೂ ಅವರು ಹೊರಗೆ ಕೂರಲಿಲ್ಲ. ನೂರಿಪ್ಪತ್ತು ಕಿಲೋ ದಾಟಿದ ಮೈಗಳು ಪ್ರತಿ ಸಲ ಗುದ್ದುವ ಆಟದಲ್ಲಿ ಇದು ಸುಮ್ನೆ ಮಾತಲ್ಲ. 2017ರ ಅಕ್ಟೋಬರ್‌ನಲ್ಲಿ ಎಡತೋಳಿನ ಟ್ರೈಸೆಪ್ಸ್ ಹರಿದಾಗಲೇ ಅದು ನಿಂತಿದ್ದು. ಮೊದಲ ಹತ್ತು ಸೀಸನ್‌ಗಳಲ್ಲೂ ಆಯಾ ವರ್ಷದ ಉತ್ತಮ ಆಟಗಾರರ ಪಂದ್ಯವಾದ ಪ್ರೋ ಬೌಲ್‌ಗೆ ಆಯ್ಕೆ. ಪ್ಲೇಆಫ್ ಮಾತ್ರ ಒಂದೂ ಆಡಲಿಲ್ಲ.

ಸೋಲಿಗೆ ಅವರನ್ನು ದೂರುವುದು ಕಷ್ಟ ಅಲ್ವಾ? ಅವರ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗಳೇ ಮೇಲಿಂದ ಮೇಲೆ ಬದಲಾಗುತ್ತಿದ್ದರು. 2018ರಲ್ಲಿ ನಿವೃತ್ತಿ, 2023ರಲ್ಲಿ ಅರ್ಹತೆ ಬಂದ ಮೊದಲ ವರ್ಷವೇ ಹಾಲ್ ಆಫ್ ಫೇಮ್.

ಅಂದಹಾಗೆ, ಆಟ ಬಿಟ್ಟ ಮೇಲಿನ ಅವರ ಫೋಟೋ ಹುಡುಕಿ ನೋಡಿ. ತೂಕ ಎಷ್ಟು ಇಳಿಸಿದ್ದಾರೆಂದರೆ ಗುರುತೇ ಸಿಗುವುದಿಲ್ಲ.